ಹಳೆಯ ಕಾರಿಗೆ ಹೊಸ ಬಿರುದು

ಅಮೆರಿಕದ ಮಿಷಿಗನ್ನಿನಲ್ಲಿರುವ ನಮ್ಮ ಅಕ್ಕನ ಮಗ ಇತ್ತೀಚೆಗೆ ಫೋನು ಮಾಡಿದ್ದ. "ಮಾಮೂ, ಒಂದು ಲಿಂಕನ್ ಟೌನ್ ಕಾರ್ ನೋಡಿದ್ದೇನೆ. 2000ನೇ ಇಸವಿಯದು. ಇದು ಮಾಡರ್ನ್ ಕ್ಲಾಸಿಕ್, ಇನ್ನು ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ ಅನ್ನುತ್ತಾನೆ ಮಾರುವವನು. ತಗೊಳ್ಳಲಾ?" ಎಂದು ಕೇಳಿದ. ಪಕ್ಕದಲ್ಲೇ ಕೂತಿದ್ದ ಅಕ್ಕ ಸಿಟ್ಟಾದಳು. "ಅಷ್ಟು ದೂರ ಹೋಗಿಯೂ ಗುಜರಿ ಸಾಮಾನೇ ಬೇಕಾಯ್ತೇನೋ ನಿನಗೆ? ಕಂತಿನಲ್ಲಾದರೂ ಹೊಸದು ತಗೋ, ನಾಲ್ಕು ಜನ ನೋಡಿದರೆ ಇಜ್ಜತ್ತು ಬೇಡವಾ?" ಎಂದಳು.

ಮಾರುವವನಿಗೆ ಅದು ಕ್ಲಾಸಿಕ್, ಅಕ್ಕನಿಗೆ ಅದು ಗುಜರಿ. ಈ ಎರಡು ಮಾತಿನ ಮೇಲೂ ನಮಗೆ ತಕರಾರಿದೆ. ಮೇಲ್ನೋಟಕ್ಕೆ ಜಗಳದಂತೆ ಕಾಣುವ ಈ ಎರಡೂ ಮಾತುಗಳು ಹುಟ್ಟಿದ್ದು ಒಂದೇ ಚಾಳಿಯಿಂದ. ವಸ್ತುವಿನ ಯೋಗ್ಯತೆಯನ್ನು ಅದರ ಬೆಲೆಯಿಂದ, ನೋಡುವವರ ಕಣ್ಣಿನಿಂದ ಅಳೆಯುವ ಚಾಳಿ ಅದು. ಅದು ಎಷ್ಟು ದಿನ ದುಡಿದೀತು, ಕೆಟ್ಟರೆ ಯಾರು ಸರಿ ಮಾಡಿಯಾರು ಎಂಬ ಪ್ರಶ್ನೆಯನ್ನು ಇಬ್ಬರೂ ಕೇಳಲಿಲ್ಲ.

ಮೊದಲು ಈ ಕಾರು ಎಂಥದೆಂದು ಹೇಳಬೇಕು. 1981ರಿಂದ 2011ರವರೆಗೆ ಟೌನ್ ಕಾರ್ ಎಂಬ ಸ್ವಂತ ಹೆಸರಿನಲ್ಲಿ ತಯಾರಾದ ಗಾಡಿ ಇದು. ಸುಮಾರು ಐದೂವರೆ ಮೀಟರ್ ಉದ್ದ. ಲಾರಿಗಿರುವಂತೆ ಬೇರೆಯೇ ಚಾಸಿ, ಎಂಟು ಸಿಲಿಂಡರಿನ 4.6 ಲೀಟರ್ ಎಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ. ಅಮೆರಿಕದ ಪೊಲೀಸರೂ ನ್ಯೂಯಾರ್ಕಿನ ಹಳದಿ ಟ್ಯಾಕ್ಸಿಯವರೂ ವರ್ಷಗಟ್ಟಲೆ ಓಡಿಸಿದ ಫೋರ್ಡ್ ಕ್ರೌನ್ ವಿಕ್ಟೋರಿಯಾ ಇದರ ಖಾಸಾ ತಮ್ಮ. ಕಪ್ಪು ಬಣ್ಣದ ಟೌನ್ ಕಾರ್ ಅದೇ ನ್ಯೂಯಾರ್ಕಿನಲ್ಲಿ ದೊಡ್ಡವರ ಬಾಡಿಗೆ ಗಾಡಿಯಾಗಿತ್ತು. ಹಿಂದಿನ ಸೀಟಿನಲ್ಲಿ ವಕೀಲರು, ಬ್ಯಾಂಕಿನವರು. ಸ್ಟಿಯರಿಂಗ್ ಹಿಡಿದವರು ಎಷ್ಟೋ ಸಲ ಪಂಜಾಬ್, ಪಾಕಿಸ್ತಾನ, ಬಾಂಗ್ಲಾದೇಶ, ಈಜಿಪ್ಟಿನಿಂದ ಹೊಟ್ಟೆಪಾಡಿಗೆ ಬಂದವರು. ನಮ್ಮ ಹುಡುಗ ಆ ದೇಶಕ್ಕೆ ಇಳಿದ ರಾತ್ರಿ ಅವನನ್ನು ವಿಮಾನ ನಿಲ್ದಾಣದಿಂದ ಕರೆದೊಯ್ದದ್ದೂ ಇಂಥದೇ ಗಾಡಿ. ಚಾಲಕ ಹೈದರಾಬಾದಿನವರು. "ಖಾನಾ ಖಾಯೇ ಕ್ಯಾ ಮಿಯಾಂ?" ಎಂದು ಅವರು ಕೇಳಿದ ಮಾತೂ ಆ ಸೀಟಿನ ಮೆತ್ತೆಯೂ ಅವನಿಗೆ ಇನ್ನೂ ನೆನಪಿವೆ. ಅವನ ಶೌಕು ಹುಟ್ಟಿದ್ದು ಅಲ್ಲಿ. ಅದರ ಬಗ್ಗೆ ನಮಗೆ ಯಾವ ತಕರಾರೂ ಇಲ್ಲ. ಆ ನೆನಪಿಗೆ ಬೆಲೆ ಕಟ್ಟುವ ಬಿರುದಿನ ಬಗ್ಗೆ ಇದೆ.

ಅಮೆರಿಕದ ಕ್ಲಾಸಿಕ್ ಕಾರ್ ಕ್ಲಬ್ ಎಂಬ ಸಂಸ್ಥೆ 'ಕ್ಲಾಸಿಕ್' ಎಂಬ ಮಾತಿಗೆ ಗಡಿ ಹಾಕಿಕೊಂಡಿದೆ: 1915ರಿಂದ 1948ರೊಳಗೆ ತಯಾರಾದ, ಆಯ್ದ ಉತ್ತಮ ಕಾರುಗಳು ಮಾತ್ರ. ಅಲ್ಲಿನ ಹಲವು ರಾಜ್ಯಗಳು ಸುಮಾರು ಇಪ್ಪತ್ತೈದು ವರ್ಷ ದಾಟಿದ ಗಾಡಿಗೆ ಪುರಾತನ ವಾಹನದ ನಂಬರ್ ಪ್ಲೇಟು ಕೊಡುತ್ತವೆ. ಅದು ವಯಸ್ಸಿನ ಪತ್ರ, ಗುಣದ ಸರ್ಟಿಫಿಕೇಟಲ್ಲ. 'ಮಾಡರ್ನ್ ಕ್ಲಾಸಿಕ್' ಎಂಬುದಕ್ಕೆ ಇಂಥ ಯಾವ ಗಡಿಯೂ ಇಲ್ಲ. ಮಾರುವವನ ಬಾಯಿಯೇ ಅದರ ಕಾನೂನು.

ಈ ಬಿರುದು ಎಷ್ಟು ಹುಸಿ ಎಂಬುದಕ್ಕೆ 2009ರ ಬೇಸಿಗೆಯನ್ನು ನೆನೆದರೆ ಸಾಕು. ಆರ್ಥಿಕ ಕುಸಿತದಲ್ಲಿ ಹೊಸ ಕಾರುಗಳ ಮಾರಾಟ ಎತ್ತಲೆಂದು ಅಮೆರಿಕದ ಸರಕಾರ ಒಂದು ಯೋಜನೆ ತಂದಿತು. ಹೆಚ್ಚು ಪೆಟ್ರೋಲು ಕುಡಿಯುವ ಹಳೆಯ ಕಾರು ಕೊಟ್ಟು ಹೊಸದು ಕೊಂಡವರಿಗೆ 4,500 ಡಾಲರಿನವರೆಗೆ ರಿಯಾಯಿತಿ. ಕೆಲವೇ ವಾರಗಳಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳು ಬಂದು ನಿಂತವು. ಅವು ಮತ್ತೆ ರಸ್ತೆಗೆ ಇಳಿಯಬಾರದೆಂದು ಎಂಜಿನ್ನಿನ ಆಯಿಲ್ ಬಸಿದು, ಸೋಡಿಯಂ ಸಿಲಿಕೇಟ್ ದ್ರಾವಣ ಹೊಯ್ದು, ಅದು ಬಿಗಿದುಕೊಳ್ಳುವವರೆಗೆ ಓಡಿಸಿ ಕೊಂದರು. ಚೆನ್ನಾಗಿ ಓಡುತ್ತಿದ್ದ ಗಾಡಿಗಳಿಗೂ ಇದೇ ಗತಿಯಾಯಿತು. ಅಂದು ಎಂಟು ಸಿಲಿಂಡರಿನ ಹಳೆಯ ಕಾರು ದೇಶಕ್ಕೆ ಭಾರವಾಗಿತ್ತು. ಇಂದು ಅಳಿದುಳಿದದ್ದು ಕ್ಲಾಸಿಕ್! ಆಗ ಹೊಸದನ್ನು ಮಾರಲು ಹಳೆಯದನ್ನು ಹಳಿದ ಮಾರುಕಟ್ಟೆಯೇ ಈಗ ಹಳೆಯದನ್ನು ಮಾರಲು ಅದನ್ನೇ ಹೊಗಳುತ್ತಿದೆ. ಈ ನಾಲಗೆಯನ್ನು ನಾವು ನಂಬಬೇಕೇ?

ದೊಡ್ಡ ಹೆಸರೂ ನಂಬಿಕೆಗೆ ಆಧಾರವಾಗದು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸಿನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಬಿಡಿಭಾಗಗಳನ್ನೆಲ್ಲ ಬೆರೆಸಿ, ಮತ್ತೆ ಮೂರು ಕಾರುಗಳಾಗಿ ಜೋಡಿಸಿ ಓಡಿಸಿ ತೋರಿಸಿದರು. ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ ಎಂಬುದಕ್ಕೇ ಆ ಕಂಪನಿಗೆ ಡ್ಯೂವರ್ ಟ್ರೋಫಿ ಸಿಕ್ಕಿತು. ಬಿಚ್ಚಿ ಜೋಡಿಸಬಹುದಾದದ್ದೇ ಅಂದು ಹೆಗ್ಗಳಿಕೆ. ಅದೇ ಕ್ಯಾಡಿಲಾಕ್ 1982ರ ಮಾದರಿಯಾಗಿ ಸಿಮರಾನ್ ಎಂಬ ಕಾರು ತಂದಿತು. ಒಳಗಿದ್ದದ್ದು ಷೆವರ್ಲೆಯ ಸಾದಾ ಕಾರು, ಮೇಲೆ ಕ್ಯಾಡಿಲಾಕ್ ಮುದ್ರೆ. ಮುಂದೆ 1990ರ ದಶಕದಲ್ಲಿ ನಾರ್ತ್‌ಸ್ಟಾರ್ ಎಂಬ ಎಂಜಿನ್ ಬಂತು. ಓಟದಲ್ಲಿ ಅದ್ಭುತ. ಆದರೆ ಸ್ಟಾರ್ಟರ್ ಮೋಟಾರು ಕೂತದ್ದು ಎಂಜಿನ್ನಿನ ನೆತ್ತಿಯ ಮೇಲೆ, ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ. ಜತೆಗೆ ಅಲ್ಯೂಮಿನಿಯಂ ಬ್ಲಾಕಿನಲ್ಲಿ ಹೆಡ್ ಬೋಲ್ಟುಗಳ ಮರೆ ಕಿತ್ತುಬಂದು ಗ್ಯಾಸ್ಕೆಟ್ ಹೋಗುವುದು ಆ ಎಂಜಿನ್ನಿನ ಹೆಸರುವಾಸಿ ಕಾಯಿಲೆಯಾಯಿತು. ಕಾರಿನ ಬೆಲೆಗಿಂತ ರಿಪೇರಿಯ ಖರ್ಚೇ ಹೆಚ್ಚಾದಾಗ ಎಷ್ಟೋ ಗಾಡಿಗಳು ಗುಜರಿ ಸೇರಿದವು. ಬಡಪಾಯಿ ಟೌನ್ ಕಾರ್ ಟ್ಯಾಕ್ಸಿ, ಪೊಲೀಸ್ ಗಾಡಿಗಳ ಜತೆ ಬಿಡಿಭಾಗ ಹಂಚಿಕೊಂಡದ್ದರಿಂದ ಬದುಕಿತು. ಬಡವರ ನೆಂಟಸ್ತನವೇ ಅದನ್ನು ಕಾಯ್ದದ್ದು!

ಇನ್ನು ಅಕ್ಕನ ಮಾತು. ಅಮೆರಿಕದಲ್ಲಿ ಹೊಸ ಕಾರಿಗೆ ಆರು, ಏಳು ವರ್ಷಗಳ ಸಾಲ ಮಾಮೂಲಿ. ಬಡ್ಡಿ ಹರಾಮು ಎಂದು ಮಕ್ಕಳಿಗೆ ಹೇಳಿಕೊಟ್ಟ ನಾವೇ ಇಜ್ಜತ್ತಿನ ಹೆಸರಿನಲ್ಲಿ ಅವರನ್ನು ಆ ಕುಣಿಕೆಗೆ ನೂಕುತ್ತೇವಲ್ಲ! ಗುಜರಿ ಎಂಬ ಮಾತನ್ನು ಬೈಗುಳ ಮಾಡಿಕೊಂಡವರೂ ನಾವೇ. ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಿನಲ್ಲಿ ಎಷ್ಟು ಉಸ್ತಾದರ ಅನ್ನ ಹುಟ್ಟಿದೆ! 2014ರಲ್ಲಿ ತಯಾರಿಕೆ ನಿಂತ ಅಂಬಾಸಡರನ್ನು ಆಮೇಲೂ ಓಡುವಂತೆ ಇಟ್ಟದ್ದು ಇಂಥ ಗ್ರೀಸು ಮೆತ್ತಿದ ಕೈಗಳು. ಅವರಿಗೆ ಯಾರೂ ಕ್ಲಾಸಿಕ್ ಎಂಬ ಬಿರುದು ಕೊಟ್ಟಿಲ್ಲ.

ಹಾಗಾಗಿ ನಾವು ಹುಡುಗನಿಗೆ ಹೇಳಿದ್ದು ಇಷ್ಟು: ಬೆಲೆ ಏರುತ್ತದೆಂದು ಕೊಳ್ಳಬೇಡ, ಓಡಿಸಲು ಕೊಳ್ಳು. ಬಣ್ಣ ನೋಡುವ ಮೊದಲು ಗಾಡಿಯ ಹೊಟ್ಟೆ ನೋಡು. ಹಿಮ ಕರಗಲೆಂದು ಮಿಷಿಗನ್ನಿನ ರಸ್ತೆಗೆ ಸುರಿಯುವ ಉಪ್ಪು ಚಾಸಿಯನ್ನೂ ಬ್ರೇಕ್ ಪೈಪುಗಳನ್ನೂ ತಿನ್ನುತ್ತದೆ. ಆ ವರ್ಷದ ಎಂಜಿನ್ನಿನ ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟು ನೀರು ಸೋರುವುದುಂಟು, ಬದಲಿಸಿದ್ದಾರಾ ಕೇಳು. ಹಿಂಭಾಗವನ್ನು ಎತ್ತಿ ಹಿಡಿಯುವ ಗಾಳಿಯ ರಬ್ಬರ್ ಚೀಲಗಳು ವಯಸ್ಸಾದಂತೆ ಸೋರುತ್ತವೆ. ರಾತ್ರಿ ನಿಲ್ಲಿಸಿ ಬೆಳಗ್ಗೆ ಕುಸಿದಿದೆಯಾ ನೋಡು. ಊರೊಳಗೆ ಲೀಟರಿಗೆ ಆರೇಳು ಕಿಲೋಮೀಟರಿಗಿಂತ ಹೆಚ್ಚು ಆಸೆ ಪಡಬೇಡ. ದಿನವೂ ದೂರ ಓಡಾಡುವವನಿಗೆ ಈ ಶೌಕು ದುಂದುವೆಚ್ಚವೇ ಸರಿ. ಕೊಂಡ ಬೆಲೆಯಷ್ಟನ್ನೇ ರಿಪೇರಿಗೆಂದು ಪಕ್ಕಕ್ಕಿಡು. ಅದಿಲ್ಲದಿದ್ದರೆ ಬಸ್ಸಿನಲ್ಲಿ ಓಡಾಡು. ಎಲ್ಲಕ್ಕಿಂತ ಮೊದಲು ಗುರುತಿನ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ದು ಗಾಡಿಯನ್ನು ಲಿಫ್ಟಿಗೆ ಏರಿಸು.

ಎರಡು ದಿನ ಬಿಟ್ಟು ಫೋನು ಬಂತು. ಮಾರುವವನು ಲಿಫ್ಟಿಗೆ ಏರಿಸಲು ಒಪ್ಪಲಿಲ್ಲವಂತೆ. "ಕ್ಲಾಸಿಕ್ ಕಾರನ್ನು ಹೀಗೆ ಅನುಮಾನಿಸಬಾರದು" ಎಂದನಂತೆ. ಹುಡುಗ ಸುಮ್ಮನೆ ಬಂದಿದ್ದಾನೆ. ಈಗ, ಕೆಲಸದಿಂದ ನಿವೃತ್ತರಾದ ಬಾಡಿಗೆ ಗಾಡಿಯ ಚಾಲಕರೊಬ್ಬರ ಕಾರು ನೋಡುತ್ತಿದ್ದಾನೆ. ಅದಕ್ಕೆ ಯಾವ ಬಿರುದೂ ಇಲ್ಲ, ಬಣ್ಣವೂ ಮಾಸಿದೆ. ಆದರೆ ಆಯಿಲ್ ಬದಲಿಸಿದ ಪ್ರತಿಯೊಂದು ಚೀಟಿಯನ್ನೂ ಆ ಮನುಷ್ಯ ಕಾದಿಟ್ಟಿದ್ದಾರಂತೆ. ಅಕ್ಕ ಇನ್ನೂ ಗೊಣಗುತ್ತಿದ್ದಾಳೆ. ನಾವಾದರೂ, ಆ ಚೀಟಿಗಳ ಕಟ್ಟನ್ನು ನಂಬು ಎಂದಿದ್ದೇವೆ.