ಹಾರಿದ ನಮಗೆ ಬೆಲ್ಟು, ಮರ ಹತ್ತುವವರಿಗೆ ಬರೀ 'ಅಭ್ಯಾಸ'

ನೇಪಾಳದ ಪೋಖರಾದಲ್ಲಿ ಪ್ಯಾರಾಗ್ಲೈಡಿಂಗ್ ಮಾಡಿದ ಫೋಟೊ ಸ್ಟೇಟಸ್‌ಗೆ ಹಾಕಿದ್ದೇ ತಡ, "ಏನ್ ಧೈರ್ಯ ಮಾರಾಯ್ರೆ ನಿಮ್ದು!" ಎಂದು ಊರವರೆಲ್ಲ ಹೊಗಳಿದರು. ಆ ಹೊಗಳಿಕೆ ನಮಗೆ ಸಲ್ಲುವುದಲ್ಲ. ಯಾಕೆ ಅಂತ ಹೇಳುತ್ತೇವೆ, ಕೇಳಿ.

ನಾವು ಮೂವರು ಗೆಳೆಯರು. ಗೋರಖಪುರದವರೆಗೆ ರೈಲು, ಸುನೌಲಿ ಗಡಿಯವರೆಗೆ ಬಸ್ಸು, ಅಲ್ಲಿಂದ ನಡೆದೇ ನೇಪಾಳಕ್ಕೆ ಕಾಲಿಟ್ಟೆವು. ನಮಗೆ ಅಲ್ಲಿ ವೀಸಾ ಬೇಡ, ವೋಟರ್ ಐಡಿ ಸಾಕು. ಮೂವರಲ್ಲಿ ಒಬ್ಬರೂ ಅದುವರೆಗೆ ವಿಮಾನ ಹತ್ತಿದವರಲ್ಲ.

ಹಾರುವ ಜಾಗ ಸಾರಂಗಕೋಟ್ ಗುಡ್ಡ, ಸುಮಾರು 1,600 ಮೀಟರ್ ಎತ್ತರ. ಇಳಿಯುವುದು ಕೆಳಗಿನ ಫೇವಾ ಸರೋವರದ ದಡದಲ್ಲಿ. ನಡುವಿನ ಅಂತರ ಹೆಚ್ಚುಕಡಿಮೆ 800 ಮೀಟರ್. ನಮ್ಮ ಜೋಗ 253 ಮೀಟರ್. ಮೂರು ಜೋಗ ಒಂದರ ಮೇಲೊಂದು ಇಟ್ಟಷ್ಟು!

ಹಾರಿಸುವ ಮೊದಲು ತೂಕ ಕೇಳಿದರು. ಹೆಲ್ಮೆಟ್ ಹಾಕಿದರು. ಎದೆಗೆ, ತೊಡೆಗೆ ಬೆಲ್ಟು ಬಿಗಿದರು. ಒಬ್ಬ ಹಾಕಿದ ಕೊಕ್ಕೆಯನ್ನು ಇನ್ನೊಬ್ಬ ಎಳೆದು ನೋಡಿದ. ಆಪತ್ತಿಗೆಂದು ಇನ್ನೊಂದು ಪ್ಯಾರಾಚೂಟ್ ಇತ್ತು. ಟಿಕೆಟ್ಟಿನಲ್ಲೇ ವಿಮೆ ಸೇರಿತ್ತು. ಗಾಳಿ ಸರಿಯಿಲ್ಲ ಎಂದು ಒಂದೂವರೆ ತಾಸು ಗುಡ್ಡದ ಮೇಲೆ ಕೂರಿಸಿದರು. ದುಡ್ಡು ಕೊಟ್ಟ ಗಿರಾಕಿಗಳು ಗೊಣಗಿದರು. ಪೈಲಟ್‌ಗಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಕೊನೆಗೆ "ಓಡಿ, ಕೂರಬೇಡಿ" ಎಂದರು. ಎಂಟು ಹೆಜ್ಜೆ ಓಡಿದೆವು, ಒಂಬತ್ತನೆಯದಕ್ಕೆ ನೆಲ ಇರಲಿಲ್ಲ. ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಕಣ್ಣು ಬಿಟ್ಟಾಗ ಎದುರಿಗೆ 6,993 ಮೀಟರ್ ಎತ್ತರದ ಮಚ್ಛಾಪುಚ್ಛ್ರೆ ಶಿಖರ, ಪಕ್ಕದಲ್ಲಿ ನಮ್ಮಂತೆಯೇ ಬಿಸಿಗಾಳಿ ಹಿಡಿದು ಸುತ್ತುವ ಹದ್ದು. ಜನ್ಮದಲ್ಲಿ ಮರೆಯುವುದಿಲ್ಲ, ನಿಜ. ಆದರೆ ನಾವು ಮಾಡಿದ್ದು ಓಡಿದ್ದೊಂದೇ. ಉಳಿದದ್ದೆಲ್ಲ ಬೆನ್ನ ಹಿಂದೆ ಕೂತ ಪೈಲಟ್‌ನ ಕೆಲಸ.

ಊರಿಗೆ ಬಂದ ಮೇಲೆ ನಮ್ಮ ಕೇರಿಯ ಹಿರಿಯ ಕೊನೆಗೌಡರಿಗೆ ಫೋಟೊ ತೋರಿಸಿದೆವು. ನಲವತ್ತು ವರ್ಷದಿಂದ ಅಡಿಕೆ ಮರ ಹತ್ತುತ್ತಿರುವವರು.

"ಇದೇನು ತಮಾ ಸೊಂಟಕ್ಕೆ?"

"ಬೆಲ್ಟು."

"ಬಿದ್ರೆ?"

"ಇನ್ನೊಂದು ಪ್ಯಾರಾಚೂಟ್ ಇತ್ತು."

"ಅದೂ ಬಿಚ್ಚದಿದ್ರೆ?"

"ವಿಮೆ ಇತ್ತು."

ಅವರು ನಕ್ಕರು. "ಹಂಗಾದ್ರೆ ನಾನೂ ಹಾರ್ತಿದ್ದೆ ಬಿಡು."

ನಮ್ಮ ಬಾಯಿ ಕಟ್ಟಿತು. ಐವತ್ತು ಅರವತ್ತು ಅಡಿ ಮರ. ಕಾಲಿಗೆ ಹಗ್ಗದ ಕುಣಿಕೆ, ಅಷ್ಟೇ. ಮೇಲಿನಿಂದಲೇ ಮರ ಬಗ್ಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಪಾಚಿ ಹಿಡಿದ ಮರವನ್ನೂ ಹತ್ತುತ್ತಾರೆ. ನಮ್ಮದು ಸಾಹಸವಂತೆ, ಅವರದು ಕೂಲಿಯಂತೆ!

ಕೇಳಿದರೆ ತೋಟದವರದ್ದು ಒಂದೇ ಉತ್ತರ: "ಅವ್ರಿಗೆ ಅಭ್ಯಾಸ ಇದೆ." ಸ್ವಾಮಿ, ನಮ್ಮನ್ನು ಹಾರಿಸಿದ ಪೈಲಟ್‌ಗೂ ಅಭ್ಯಾಸ ಇತ್ತು. ದಿನಾ ಹಾರುವವನು ಅವನು. ಆದರೂ ಹೆಲ್ಮೆಟ್ ಹಾಕಿದ್ದ, ಬೆಲ್ಟು ಬಿಗಿದಿದ್ದ. ಅಭ್ಯಾಸ ಇರುವುದು ಕೆಲಸ ಚೆನ್ನಾಗಿ ಮಾಡಲಿಕ್ಕೆ. ಬಿದ್ದಾಗ ಅದು ಕೈ ಹಿಡಿಯುವುದಿಲ್ಲ.

"ಬೆಲ್ಟು ಕಟ್ಟಿದರೆ ಕೆಲಸ ನಿಧಾನ" ಎನ್ನುವವರೂ ಇದ್ದಾರೆ. ಆಗಲಿ. ಮಜಾ ಮಾಡಲು ಹೋದ ನಾವು ಗಾಳಿಗಾಗಿ ಒಂದೂವರೆ ತಾಸು ಕಾಯಬಹುದಾದರೆ, ಮರ ಒಣಗುವವರೆಗೆ ತೋಟದವರು ಅರ್ಧ ದಿನ ಕಾಯಲಾರರೇ? ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯೂ ಬಂದಿದೆ. ಅದಿಲ್ಲದ ತೋಟದಲ್ಲಿ ಬೆಲ್ಟು ಕೊಡದೆ ಮರ ಹತ್ತಿಸಬೇಡಿ. ಒದ್ದೆ ಮರ ಹತ್ತುವುದಿಲ್ಲ ಎಂದವರ ಕೂಲಿ ಕತ್ತರಿಸಬೇಡಿ.

ಇನ್ನೊಂದು ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ಕಟ್ಟಬೇಕಾದದ್ದು 20 ರೂಪಾಯಿ. 18ರಿಂದ 70 ವರ್ಷದೊಳಗಿನ, ಬ್ಯಾಂಕ್ ಖಾತೆ ಇರುವ ಯಾರೂ ಸೇರಬಹುದು. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಒಂದು ಜೀವಕ್ಕೆ ಅದು ಏನೂ ಅಲ್ಲ, ಗೊತ್ತು. ಆದರೆ ಆ 20 ರೂಪಾಯಿಯನ್ನೂ ಕಟ್ಟದ ತೋಟದ ಯಜಮಾನರು ನಮ್ಮ ಫೋಟೊಗೆ ಲೈಕ್ ಒತ್ತಿದ್ದಾರೆ.

ಆ ಲೈಕ್ ನಮಗೆ ಬೇಡ. ಈ ಸಲದ ಕೊನೆ ಕೊಯ್ಲು ಶುರುವಾಗುವ ಮೊದಲು ನಿಮ್ಮ ಕೊನೆಗೌಡರಿಗೆ ಬೆಲ್ಟು ಕೊಡಿಸಿ, ಅದರ ಫೋಟೊ ಕಳಿಸಿ. ಲೈಕ್ ನಾವು ಒತ್ತುತ್ತೇವೆ.