ಉತಾರದಲ್ಲಿ ಹೆಸರಿದ್ದರೆ ಹೊಲ ನಿಮ್ಮದೇ?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ರೈತರ ಮನೆಗಳಲ್ಲಿ ಬಂಗಾರಕ್ಕಿಂತ ಜೋಪಾನವಾಗಿರುವ ಕಾಗದ ಒಂದೇ. ಅದು ಸಾತ್‌ಬಾರಾ ಉತಾರ. "ಸಾತ್‌ಬಾರಾದಾಗ ನನ್ನ ಹೆಸರ ಐತಿ, ಇನ್ನ ಯಾರೇನ ಮಾಡ್ತಾರ?" ಎಂಬ ಮಾತನ್ನು ಸಂತೆಯಲ್ಲೂ ಅಡತಿ ಅಂಗಡಿಯ ಕಟ್ಟೆಯ ಮೇಲೂ ಕೇಳುತ್ತೇವೆ. ಈ ಧೈರ್ಯ ಅರ್ಧ ಸರಿ, ಅರ್ಧ ತಪ್ಪು. ತಪ್ಪಿರುವ ಆ ಅರ್ಧದಿಂದಲೇ ಎಷ್ಟೋ ಮನೆತನಗಳು ದಿವಾಣಿ ಕೋರ್ಟಿನ ಮೆಟ್ಟಿಲು ಹತ್ತಿ ಇಳಿಯುತ್ತಿವೆ.

ಸಾತ್‌ಬಾರಾ ಎಂದರೆ ಗಾವ್ ನಮೂನೆ 7 ಮತ್ತು 12. ಏಳರಲ್ಲಿ ಕಬಜೆದಾರನ ಹೆಸರು, ಕ್ಷೇತ್ರ, ಸಾಲ ಬೋಜಾ, ಇತರ ಹಕ್ಕುಗಳು ಇರುತ್ತವೆ. ಹನ್ನೆರಡರಲ್ಲಿ ಬೆಳೆ. ಮಹಾರಾಷ್ಟ್ರ ಜಮೀನು ಮಹಸೂಲು ಸಂಹಿತೆ 1966ರ 157ನೆಯ ಕಲಮಿನಂತೆ ಅದರಲ್ಲಿನ ನೋಂದು ಸುಳ್ಳೆಂದು ರುಜುವಾಗುವವರೆಗೆ ನಿಜವೆಂದೇ ಹಿಡಿಯಬೇಕು. ಧೈರ್ಯದ ಸರಿಯಾದ ಅರ್ಧ ಇದು. ಆದರೆ ಫೇರ್‌ಫಾರದಿಂದ ಮಾಲಕಿ ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ, ಹೆಸರಿದ್ದವನು ಕಂದಾಯ ತುಂಬಬಹುದು ಅಷ್ಟೇ ಎಂದು ಸುಪ್ರೀಂ ಕೋರ್ಟು 1996ರಲ್ಲಿಯೇ ಹೇಳಿದೆ. ಹೊಲ ಯಾರದೆಂದು ಕೊನೆಗೆ ತೀರ್ಮಾನಿಸುವುದು ದಿವಾಣಿ ಕೋರ್ಟು. ತಲಾಠಿಯೂ ಅಲ್ಲ, ತಹಶೀಲ್ದಾರರೂ ಅಲ್ಲ.

ಇದು ಮಹಾರಾಷ್ಟ್ರದ ಮಾತು ಮಾತ್ರವಲ್ಲ. ಗಡಿಯ ಆಚೆ ವಿಜಯಪುರ, ಕಲಬುರಗಿಯ ಪಹಣಿಗೂ ಕರ್ನಾಟಕದ 1964ರ ಭೂಕಂದಾಯ ಕಾಯ್ದೆ ಇಷ್ಟೇ ಬೆಲೆ ಕೊಟ್ಟಿದೆ. ಸಬ್ ರಜಿಸ್ಟ್ರಾರ್ ಕಚೇರಿಯ ಸಿಕ್ಕೆಯೂ ಹಾಗೆಯೇ. ಅಲ್ಲಿ ನೋಂದಣಿಯಾಗುವುದು ಕಾಗದ. ಮಾರುವವನಿಗೆ ಮಾರುವ ಹಕ್ಕಿತ್ತೇ ಎಂಬುದಕ್ಕೆ ಸರಕಾರ ಜಾಮೀನು ನಿಲ್ಲುವುದಿಲ್ಲ. ಆಂಧ್ರಪ್ರದೇಶ ಹೀಗೆ ಜಾಮೀನು ನಿಲ್ಲುವ ಕಾಯ್ದೆಯೊಂದನ್ನು 2022ರಲ್ಲಿ ಮಾಡಿ 2023ರಲ್ಲಿ ಜಾರಿಗೆ ತಂದಿತು. ನಿರ್ಣಯದ ಅಧಿಕಾರವೆಲ್ಲ ಕೋರ್ಟಿನಿಂದ ಅಧಿಕಾರಿಗಳ ಕೈಗೆ ಹೋಗುತ್ತದೆಂದು ರೈತರೂ ವಕೀಲರೂ ಎದ್ದು ನಿಂತರು. 2024ರಲ್ಲಿ ಹೊಸ ಸರಕಾರ ಅದನ್ನು ರದ್ದು ಮಾಡಿತು. ಹೀಗಾಗಿ ಇಂದಿಗೂ ಜವಾಬ್ದಾರಿ ಕೊಳ್ಳುವವನ ಹೆಗಲ ಮೇಲೆಯೇ ಇದೆ.

ಹಾಗಾದರೆ ನಮ್ಮವರು ಎಡವುವುದು ಎಲ್ಲಿ?

ಮೊದಲನೆಯದು, ಸಂಚಕಾರ. ಬಾಂಡ್ ಪೇಪರಿನ ಮೇಲೆ ಇಸಾರ ಪಾವತಿ ಬರೆದು, ಮುಕ್ಕಾಲು ಹಣ ಕೊಟ್ಟು, "ಬೀಗರ ಪೈಕಿ ಅದಾರ, ಖರೀದಿ ಆಮ್ಯಾಲ ಮಾಡಿಕೊಂಡರಾಯ್ತು" ಎಂದು ಕೂಡುತ್ತೇವೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ಮಾರಾಟದ ಕರಾರಿನಿಂದ ಜಮೀನಿನಲ್ಲಿ ಯಾವ ಹಕ್ಕೂ ಬರುವುದಿಲ್ಲ. ಮುಖತ್ಯಾರ ಪತ್ರ ಬರೆಸಿಕೊಂಡರೂ ಮಾಲಕಿ ದಾಟುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಖರೀದಿ ಮಾಡಿಕೊಡಲು ಕರಾರಿನಲ್ಲಿ ತಾರೀಖು ಹಾಕಿದ್ದರೆ, ಆ ತಾರೀಖಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಬೀಗತನದ ಮುಲಾಜಿನಲ್ಲಿ ಆ ಮೂರು ವರ್ಷ ಕಳೆದದ್ದೇ ತಿಳಿಯುವುದಿಲ್ಲ.

ಎರಡನೆಯದು, ವಾರಸಾ. ತಂದೆ ತೀರಿದ ಮೇಲೆ ಗಂಡುಮಕ್ಕಳ ಹೆಸರನ್ನಷ್ಟೇ ಹಚ್ಚಿಸಿ, ಕೊಟ್ಟ ಹೆಣ್ಣುಮಕ್ಕಳ ಹೆಸರು ಬಿಡುವುದು ನಮ್ಮ ಕಡೆ ಹಳೆಯ ರೂಢಿ. "ಮದಿವಿ ಮಾಡಿಕೊಟ್ಟೇವಿ, ಇನ್ನ ಎಂಥಾ ಪಾಲು?" ಎನ್ನುವವರಿಗೆ ಕಾಯ್ದೆ ಕಿವಿಗೊಡುವುದಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿಯನ್ನು ಮಹಾರಾಷ್ಟ್ರ, ಕರ್ನಾಟಕ ಎರಡೂ 1994ರಲ್ಲಿಯೇ ಮಾಡಿದ್ದವು. ಆಗ ಅದಕ್ಕೂ ಮೊದಲು ಮದುವೆಯಾದವರು ಹೊರಗುಳಿದಿದ್ದರು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರ ಆಗಸ್ಟ್ 11ರ ತೀರ್ಪು ಹೇಳಿತು. 2004ರ ಡಿಸೆಂಬರ್ 20ಕ್ಕೂ ಮೊದಲು ಕಾಯ್ದೆಶೀರ ಆಗಿಹೋದ ವಾಟ್ನಿ, ಮಾರಾಟಗಳಿಗೆ ಮಾತ್ರ ಧಕ್ಕೆಯಿಲ್ಲ.

ಅಣ್ಣತಮ್ಮಂದಿರಷ್ಟೇ ಸಹಿ ಮಾಡಿದ ಖರೀದಿ ಪತ್ರ ನಂಬಿ ಹೊಲ ಹಿಡಿದ ವ್ಯಾಪಾರಿಯ ಮುಂದೆ ಒಂದು ದಿನ ಅಕ್ಕತಂಗಿಯರ ನೋಟೀಸು ಬಂದು ಬೀಳುವುದು ಇದರಿಂದಲೇ. ಅವರು ಒಪ್ಪಿ ಪಾಲು ಬಿಡುವುದಾದರೆ ಹಕ್ಕಸೋಡ ಪತ್ರ ನೋಂದಣಿಯಾಗಬೇಕು, ಬಿಳಿ ಹಾಳೆಯ ಸಹಿ ನಡೆಯದು. ಇಲ್ಲಿ ಒಂದು ಮಾತು ಸೇರಿಸಬೇಕು. ತಂಗಿಯ ಪಾಲನ್ನು ಖರೀದಿಗೆ ಅಡ್ಡ ಬಂದ ಕಲ್ಲೆಂದು ತಿಳಿಯಬಾರದು. ಅದು ಅವಳ ಆಸ್ತಿ. ಪಂಚಮಿಗೆ ಕರೆದು ಸೀರೆ ಉಡಿಸಿ, ಊಟದ ಗದ್ದಲದಲ್ಲಿ ಸಹಿ ತೆಗೆದುಕೊಳ್ಳುವುದು ತವರಿನ ಮರ್ಯಾದೆಗೆ ತಕ್ಕುದಲ್ಲ.

ಮೂರನೆಯದು, ಉತಾರವನ್ನು ಪೂರಾ ಓದದಿರುವುದು. ಹೆಸರಿನ ಮೇಲೆಯೇ ಭೋಗವಟಾದಾರ ವರ್ಗ ಎಂದು ಬರೆದಿರುತ್ತದೆ. ವರ್ಗ 1 ಇದ್ದರೆ ಸಾಮಾನ್ಯವಾಗಿ ಮಾರಲು ಅಡ್ಡಿಯಿಲ್ಲ. ವರ್ಗ 2 ಇದ್ದರೆ ಸರಕಾರದ ಷರತ್ತಿನ ಜಮೀನು, ಜಿಲ್ಲಾಧಿಕಾರಿಯ ಮಂಜೂರಿ ಬೇಕು. ಅಗ್ಗಕ್ಕೆ ಸಿಕ್ಕಿತೆಂದು ಇಂಥ ಹೊಲ ಕೊಂಡವರು ಹಣವನ್ನೂ ಹೊಲವನ್ನೂ ಕಳೆದುಕೊಳ್ಳಬಹುದು. ಇನ್ನೊಂದು ತೊಡಕು ನಂಬರಿನದು. 1947ರ ಕಾಯ್ದೆಯಂತೆ ಏಕತ್ರೀಕರಣವಾದ ಊರುಗಳಲ್ಲಿ ಸರ್ವೇ ನಂಬರು ಹೋಗಿ ಗಟ್ ನಂಬರು ಬಂದಿದೆ. ಅಜ್ಜನ ಕಾಗದದಲ್ಲಿ ಒಂದು, ಇಂದಿನ ಉತಾರದಲ್ಲಿ ಇನ್ನೊಂದು. ಎರಡೂ ಒಂದೇ ಹೊಲವೆಂದು ತಾಳೆ ನೋಡದೆ ಹಣ ಎಣಿಸಬಾರದು.

ನಾಲ್ಕನೆಯದು, ನೋಟೀಸು. ಫೇರ್‌ಫಾರದ ಅರ್ಜಿ ಬಂದಾಗ ತಲಾಠಿ ಅದರ ನಕಲನ್ನು ಚಾವಡಿಗೆ ಹಚ್ಚಿ, ಸಂಬಂಧಪಟ್ಟವರಿಗೆ ತಿಳಿಸಬೇಕು. ತಕರಾರಿಗೆ 15 ದಿನ ಅವಕಾಶ. ಆ ಕಾಗದ ಇರುವುದು ಮರಾಠಿಯಲ್ಲಿ. ವ್ಯವಹಾರದ ಮರಾಠಿ ನಮಗೆಲ್ಲ ಬರುತ್ತದೆ, ಅದರ ಬಗ್ಗೆ ದೂರಿಲ್ಲ. ಆದರೆ ಸಂತೆಯ ಮರಾಠಿ ಬೇರೆ, ಮಹಸೂಲಿನ ಮರಾಠಿ ಬೇರೆ. ಮನೆಯಲ್ಲಿ ಕನ್ನಡವನ್ನಷ್ಟೇ ಆಡುವ ವಿಧವೆ ತಾಯಿಗೆ "ಸಹಿ ಮಾಡ್ರಿ ಅಕ್ಕಾರ" ಎಂದವನ ಮಾತೇ ಕಾಯ್ದೆಯಾಗುತ್ತದೆ.

ಇದಕ್ಕೆ ಪರಿಹಾರ ಹೊಸದೇನೂ ಅಲ್ಲ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿರುವ ತಾಲೂಕುಗಳಲ್ಲಿ ಮಹತ್ವದ ಸರಕಾರಿ ನೋಟೀಸುಗಳು ಅವರ ಭಾಷೆಯಲ್ಲೂ ಪ್ರಕಟವಾಗಬೇಕೆಂದು 1956ರಲ್ಲಿಯೇ ಕೇಂದ್ರ ಸರಕಾರ ಒಪ್ಪಿತ್ತು. ಕನ್ನಡ ಊರುಗಳ ಚಾವಡಿಯಲ್ಲಿ ಮರಾಠಿಯ ಜೊತೆಗೆ ಕನ್ನಡದಲ್ಲೊಂದು ಫೇರ್‌ಫಾರ ನೋಟೀಸು ಹಚ್ಚುವುದಕ್ಕೆ ದೊಡ್ಡ ಖರ್ಚು ಬೇಕಿಲ್ಲ, ಮನಸ್ಸು ಬೇಕು. ಮಹಾರಾಷ್ಟ್ರ ಸರಕಾರ ಇಷ್ಟನ್ನು ಮಾಡಲೇಬೇಕು. ಅಲ್ಲಿಯವರೆಗೆ ನಾವೂ ಸುಮ್ಮನಿರಬೇಕಿಲ್ಲ. ಸಂವಿಧಾನದ 350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಹೊಲ ಕೊಳ್ಳುವವರು ಇಷ್ಟಾದರೂ ಮಾಡಲಿ. ಇಂದಿನ ಉತಾರವೊಂದನ್ನೇ ನೋಡದೆ ಹಿಂದಿನ ಫೇರ್‌ಫಾರಗಳನ್ನೆಲ್ಲ ತೆಗೆಸಿ, ಹೆಸರು ಹೇಗೆ ಬಂತೆಂದು ಒಂದೊಂದೇ ಕೊಂಡಿ ಹಿಡಿದು ನೋಡಬೇಕು. ಸಬ್ ರಜಿಸ್ಟ್ರಾರ್ ಕಚೇರಿಯ ಇಂಡೆಕ್ಸನ್ನು ಶುಲ್ಕ ತುಂಬಿ ಯಾರು ಬೇಕಾದರೂ ನೋಡಬಹುದು, ಮೂವತ್ತು ವರ್ಷದ್ದನ್ನಾದರೂ ವಕೀಲರಿಂದ ಹುಡುಕಿಸಬೇಕು. ವಾರಸುದಾರರ ಪೂರ್ಣ ಯಾದಿ ಕೇಳಬೇಕು. ಸರಕಾರಿ ಮೋಜಣಿ ಮಾಡಿಸಿ ಬಾಂದು ಗುರುತಿಸಿಕೊಳ್ಳಬೇಕು. ಖರೀದಿ ಪತ್ರವನ್ನು ಸಹಿಗೆ ಮೊದಲು ತಿಳಿದವರಿಂದ ಕನ್ನಡದಲ್ಲಿ ಓದಿಸಿ ಕೇಳಬೇಕು. ಸ್ವಂತ ಹೊಲ ಇದ್ದವರು ವರ್ಷಕ್ಕೊಮ್ಮೆಯಾದರೂ ಉತಾರ ತೆಗೆದು, ಗೊತ್ತಿಲ್ಲದ ಹೆಸರಾಗಲಿ ಬೋಜಾ ಆಗಲಿ ಸೇರಿದೆಯೇ ನೋಡಿಕೊಳ್ಳಬೇಕು. ಬೇರೆಯವರು ನಿಮ್ಮ ಹೊಲದಲ್ಲಿ ತಾವೇ ಮಾಲಕರೆಂದು ಹನ್ನೆರಡು ವರ್ಷ ರಾಜಾರೋಷವಾಗಿ ಕೂತರೆ, ಆಮೇಲೆ ನಿಮ್ಮ ದಾವೆಗೇ ಮುದ್ದತ್ತು ಮುಗಿದಿರುತ್ತದೆ.

ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ಒಂದು ಸುತ್ತು ನಡೆಸಿಯೂ ನೋಡುತ್ತೇವೆ. ಮೂರು ತಲೆಮಾರು ಉಣ್ಣಬೇಕಾದ ಹೊಲಕ್ಕೆ ಅಷ್ಟು ಪರೀಕ್ಷೆಯೂ ಬೇಡವೇ?