ನರ್ಸಮ್ಮನ ಡೈರಿ – 14: ದಂಡಿನ ಊರಿನ ಅಜ್ಜ ಅಜ್ಜಿಯರು

ಹೋದ ವಾರ ಫೋನಿನಲ್ಲಿ ನಮ್ಮ ಸೋದರಮಾವ ಕೇಳಿದರು: "ಅಲ್ಲ ಕಣವ್ವ, ನಿಮ್ಮ ಕಡೆ ಬೀದಿ ತುಂಬಾ ನೇಪಾಳದ ಮುದುಕರಂತೆ. ಅವರಿಗೆ ಇಂಗ್ಲೆಂಡಿನಲ್ಲಿ ಏನು ಕೆಲಸ?" ಆಗಷ್ಟೇ ನೈಟ್ ಡ್ಯೂಟಿ ಮುಗಿಸಿ ಬಂದಿದ್ದೆ, ಸರಿಯಾಗಿ ಉತ್ತರ ಕೊಡಲಿಲ್ಲ. ಇವತ್ತು ರಜೆ, ಕೂತು ಬರೆಯುತ್ತಿದ್ದೇನೆ.

ನಮ್ಮ ಮನೆಯ ಹತ್ತಿರದ ಆಲ್ಡರ್‌ಶಾಟ್ 1854ರವರೆಗೆ ಸಾವಿರ ಜನರೂ ಇಲ್ಲದ ಹಳ್ಳಿ. ಕ್ರಿಮಿಯಾ ಯುದ್ಧದ ಹೊತ್ತಿಗೆ ಸೈನ್ಯ ಇಲ್ಲಿನ ಬಯಲಿನಲ್ಲಿ ಕ್ಯಾಂಪ್ ಹಾಕಿತು. ಸಿಪಾಯಿಗಳ ಹಿಂದೆಯೇ ಅಂಗಡಿ, ಪಬ್ಬುಗಳು ಬಂದವು, ಊರು ಬೆಳೆಯಿತು. ನಮ್ಮ ಬೆಂಗಳೂರು ದಂಡು ಬೆಳೆದ ಹಾಗೆಯೇ. "ಬ್ರಿಟಿಷ್ ಸೈನ್ಯದ ಮನೆ" ಅಂತ ಇದಕ್ಕೆ ಬಿರುದು.

ಇಲ್ಲೊಂದು ದಿಬ್ಬದ ಮೇಲೆ ಕುದುರೆ ಏರಿದ ಡ್ಯೂಕ್ ಆಫ್ ವೆಲಿಂಗ್ಟನ್‌ನ ದೊಡ್ಡ ಕಂಚಿನ ಪ್ರತಿಮೆ ಇದೆ. ಲಂಡನ್ನಿನಲ್ಲಿದ್ದದ್ದನ್ನು 1885ರಲ್ಲಿ ಇಲ್ಲಿ ನಿಲ್ಲಿಸಿದರು. ಇವನು ಬೇರೆ ಯಾರೂ ಅಲ್ಲ, 1799ರಲ್ಲಿ ಟಿಪ್ಪು ಸತ್ತ ಮೇಲೆ ನಮ್ಮ ಶ್ರೀರಂಗಪಟ್ಟಣದ ಅಧಿಕಾರ ಹಿಡಿದ ಆರ್ಥರ್ ವೆಲ್ಲೆಸ್ಲಿ! ಮೊದಲ ಸಲ ನೋಡಿದಾಗ, "ಅಯ್ಯೋ ಮಾರಾಯ, ಇಲ್ಲೂ ನೀನೇನಾ?" ಅಂದುಕೊಂಡೆ.

ಆದರೆ ದಂಡಿನ ಊರು ನಡೆಯುವುದು ಡ್ಯೂಕ್‌ಗಳಿಂದಲ್ಲ. ಇಲ್ಲಿನ ಕೇಂಬ್ರಿಡ್ಜ್ ಮಿಲಿಟರಿ ಆಸ್ಪತ್ರೆ ಶುರುವಾದದ್ದು 1879ರಲ್ಲಿ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಹೆರಾಲ್ಡ್ ಗಿಲೀಸ್ ಎಂಬ ಡಾಕ್ಟರು ಇಲ್ಲಿ ಪ್ಲಾಸ್ಟಿಕ್ ಸರ್ಜರಿ ಮಾಡಿದರು. ಆ ಗಾಯಗಳನ್ನು ದಿನವೂ ತೊಳೆದು ಬ್ಯಾಂಡೇಜ್ ಕಟ್ಟಿದ ನರ್ಸ್‌ಗಳ ಹೆಸರು ಎಷ್ಟು ಜನಕ್ಕೆ ಗೊತ್ತು? 1972ರ ಫೆಬ್ರವರಿಯಲ್ಲಿ ಐಆರ್‌ಎ ಇಲ್ಲಿನ ಅಧಿಕಾರಿಗಳ ಮೆಸ್ ಬಳಿ ಬಾಂಬ್ ಸಿಡಿಸಿತು. ಸತ್ತ ಏಳು ಜನರಲ್ಲಿ ಐವರು ಅಲ್ಲಿ ಕೆಲಸಕ್ಕಿದ್ದ ಹೆಂಗಸರು, ಒಬ್ಬ ಮಾಲಿ, ಒಬ್ಬ ಪಾದ್ರಿ.

ಈಗ ಮಾವನ ಪ್ರಶ್ನೆಗೆ ಬರ್ತೀನಿ. ಬೀದಿಯಲ್ಲಿ ಕಾಣುವ ಆ ಅಜ್ಜಂದಿರಲ್ಲಿ ಹೆಚ್ಚಿನವರು ಗೂರ್ಖಾ ಸೈನಿಕರಾಗಿದ್ದವರು. ಈ ದೇಶಕ್ಕಾಗಿಯೇ ಬಂದೂಕು ಹಿಡಿದವರು. 1997ಕ್ಕೆ ಮುಂಚೆ ನಿವೃತ್ತರಾದವರಿಗೆ ಇಲ್ಲಿ ನೆಲೆಸುವ ಹಕ್ಕು ಸಿಕ್ಕಿದ್ದು 2009ರಲ್ಲಿ, ಅದೂ ದೊಡ್ಡ ಹೋರಾಟದ ನಂತರ. ಅವರ ಪೆನ್ಶನ್ ಬ್ರಿಟಿಷ್ ಸೈನಿಕರ ಪೆನ್ಶನ್‌ಗಿಂತ ಕಡಿಮೆ. 2021ರಲ್ಲಿ ಪ್ರಧಾನಿ ಮನೆಯ ಎದುರಿಗೇ ಉಪವಾಸ ಕೂತಿದ್ದರು.

ವಾರ್ಡಿನಲ್ಲಿ ಇಂಥ ಅಜ್ಜಿಯರನ್ನು ನೋಡಿದ್ದೇನೆ. ನೋವಿದೆಯಾ ಅಂದರೆ ನಗುತ್ತಾರೆ, "ಓಕೆ, ಓಕೆ" ಅನ್ನುತ್ತಾರೆ. ಅರ್ಥವಾಗಿರುವುದಿಲ್ಲ. ದುಭಾಷಿಯನ್ನು ಫೋನಿನಲ್ಲಿ ಹಿಡಿದು ಕೇಳಿದಾಗ ಮೂರು ದಿನದ ನೋವು ಹೊರಗೆ ಬರುತ್ತದೆ. ದುಭಾಷಿಗೆ ದುಡ್ಡು ದಂಡ ಅನ್ನುವವರು ಒಂದು ರಾತ್ರಿ ನಮ್ಮ ಜೊತೆ ಡ್ಯೂಟಿ ಮಾಡಲಿ.

"ಸೈನ್ಯದ ಮನೆ" ಅಂತ ಬೋರ್ಡ್ ಹಾಕಿಕೊಂಡ ಮೇಲೆ, ದುಡಿದು ಮುದುಕರಾದವರನ್ನೂ ಅವರ ವಿಧವೆಯರನ್ನೂ ಮನೆಯವರ ಹಾಗೆಯೇ ನೋಡಿಕೊಳ್ಳಬೇಕು. ಅದು ದಾನವಲ್ಲ, ಬಾಕಿ. ನಮ್ಮವರೇ ಕೆಲವರು "ಇವರಿಂದ ಆಸ್ಪತ್ರೆ ತುಂಬುತ್ತೆ" ಅನ್ನುವಾಗ ನನಗೆ ನಾಚಿಕೆಯಾಗುತ್ತದೆ. ನಾವೂ ವೀಸಾ ಹಿಡಿದು ಬಂದವರೇ ಅಲ್ಲವೇ?

ಮಾವ, ಉತ್ತರ ಸಿಕ್ಕಿತಾ? ಮೊಣಕಾಲು ನೋವಿನ ಮಾತ್ರೆ ಊಟ ಆದ ಮೇಲೇ ತಗೊಳ್ಳಿ. ನೀವೂ ಬರೀ "ಚೆನ್ನಾಗಿದ್ದೀನಿ" ಅನ್ನೋದು ಬೇಡ.